ಆರುನೂರು ಅಡಿಯ ಮೋಡ

ಜೂನ್ ಹತ್ತೊಂಬತ್ತು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಗಂಗಾನಗರದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದ ಕೋಣೆಯೊಳಗೆ, ನಾನು ಸಿಮ್ಯುಲೇಟರಿನ, ಅಂದರೆ ನೆಲದ ಮೇಲೇ ಇರುವ ನಕಲಿ ಕಾಕ್‌ಪಿಟ್ಟಿನ, ಎಡಗಡೆಯ ಸೀಟಿನಲ್ಲಿ ಕೂತೆ. ಬಲಗಡೆಯಲ್ಲಿ ಅವನು ಕೂತ. ನಮ್ಮ ಹಿಂದೆ, ಕಂಪ್ಯೂಟರಿನ ಮುಂದೆ, ಹೊರಗಿನಿಂದ ಬಂದ ಪರೀಕ್ಷಕರು ಕೂತರು. ಆ ಕೋಣೆಯಿಂದ ಹೊರಗೆ ಬಂದ ಮೇಲೆ ಅವನೂ ನಾನೂ ಒಂದೇ ಒಂದು ಸಲ ಮಾತಾಡಿದ್ದೇವೆ. ಅದನ್ನು ಮಾತು ಅನ್ನುವುದಕ್ಕಿಂತ ಕಚ್ಚಾಟ ಅನ್ನಬಹುದು.

ಅವನು ನನ್ನ ತರಬೇತಿಯ ಜೊತೆಗಾರ. ಹಾವೇರಿ ಕಡೆಯವನು, ನಾಗಸಂದ್ರದಲ್ಲಿ ಸೋದರಮಾವನ ಮನೆಯಲ್ಲಿದ್ದಾನೆ. ನಾನು ಬ್ಯಾಟರಾಯನಪುರದವಳು. ಇಬ್ಬರಿಗೂ ಪೈಲಟ್ ಲೈಸೆನ್ಸ್ ಇದೆ, ಇಬ್ಬರಿಗೂ ಕೆಲಸವಿಲ್ಲ. ಮೋಡದೊಳಗೆ ಬರೀ ಉಪಕರಣಗಳನ್ನು ನೋಡಿಕೊಂಡು ಹಾರಿಸುವುದಕ್ಕೆ ಪ್ರತ್ಯೇಕ ಅರ್ಹತೆ ಬೇಕು, ಅದನ್ನು ವರ್ಷಕ್ಕೊಮ್ಮೆ ಪರೀಕ್ಷೆ ಕೊಟ್ಟು ಉಳಿಸಿಕೊಳ್ಳಬೇಕು. ನಮ್ಮಿಬ್ಬರದೂ ಜೂನ್ ಇಪ್ಪತ್ತೈದಕ್ಕೆ ಮುಗಿಯುತ್ತಿತ್ತು. ಇಪ್ಪತ್ತೆಂಟಕ್ಕೆ ಒಂದು ವಿಮಾನ ಕಂಪನಿಯ ಆಯ್ಕೆ ಇತ್ತು. ಹದಿನಾಲ್ಕು ತಿಂಗಳಲ್ಲಿ ನಮ್ಮನ್ನು ಕರೆದ ಮೊದಲ ಕಂಪನಿ ಅದು. ಅರ್ಹತೆ ಚಾಲ್ತಿಯಲ್ಲಿ ಇಲ್ಲದವರು ಗೇಟಿನ ಒಳಗೂ ಹೋಗುವಂತಿರಲಿಲ್ಲ.

ಇಲ್ಲಿ ಸ್ವಲ್ಪ ವಿವರಿಸಬೇಕು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ರನ್‌ವೇಯಿಂದಲೇ ಒಂದು ಸಂಕೇತ ಬರುತ್ತದೆ. ಎಡಬಲವನ್ನೂ ಹೇಳುತ್ತದೆ, ಇಳಿಯುವ ಓರೆಯನ್ನೂ ಹೇಳುತ್ತದೆ. ಆ ಸೌಕರ್ಯ ಇಲ್ಲದ ಕಡೆ ಎಡಬಲ ಮಾತ್ರ ಗೊತ್ತಾಗುತ್ತದೆ. ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ನಾವೇ ಒಂದು ಪಟ್ಟಿ ನೋಡಿಕೊಂಡು ಇಳಿಯಬೇಕು: ಐದು ಮೈಲಿ ದೂರದಲ್ಲಿ ಇಷ್ಟು, ನಾಲ್ಕು ಮೈಲಿಯಲ್ಲಿ ಇಷ್ಟು. ಹೀಗೆ ಇಳಿಯುತ್ತ ಒಂದು ಕನಿಷ್ಠ ಎತ್ತರ ಬರುತ್ತದೆ. ರನ್‌ವೇಯೋ ಅದರ ದೀಪಗಳೋ ಕಣ್ಣಿಗೆ ಕಾಣದೆ ಅದರ ಕೆಳಗೆ ಒಂದಡಿಯೂ ಹೋಗುವಂತಿಲ್ಲ. ಕಾಣದಿದ್ದರೆ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮೇಲಕ್ಕೆ ಹೋಗಬೇಕು. ಅದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಕಂಡರೂ ತೀರಾ ಹತ್ತಿರ ಬಂದ ಮೇಲೆ ಕಂಡರೆ ಮೂತಿ ಬಗ್ಗಿಸಿ ನುಗ್ಗುವಂತಿಲ್ಲ, ಆಗಲೂ ಮೇಲಕ್ಕೇ ಹೋಗಬೇಕು.

ನಾವು ಅಭ್ಯಾಸ ಮಾಡುತ್ತಿದ್ದದ್ದು ಸಮುದ್ರದಂಚಿನ ಒಂದು ಚಿಕ್ಕ ನಿಲ್ದಾಣಕ್ಕೆ ಇಳಿಯುವುದನ್ನು. ಅಲ್ಲಿನ ಕನಿಷ್ಠ ಎತ್ತರ ಐನೂರಿಪ್ಪತ್ತು ಅಡಿ. ವಿಮಾನ ಸೆಕೆಂಡಿಗೆ ಹತ್ತಡಿಯಂತೆ ಇಳಿಯುತ್ತಿರುತ್ತದೆ, ಎಳೆದ ತಕ್ಷಣ ನಿಲ್ಲುವುದಿಲ್ಲ. ಆದ್ದರಿಂದ ಐನೂರೆಪ್ಪತ್ತಕ್ಕೇ ನಿರ್ಧಾರ ಮಾಡಿಬಿಡಬೇಕು. ಹಾರಿಸುವವರ ಕಣ್ಣು ಉಪಕರಣದ ಮೇಲಿರುತ್ತದೆ, ಹೊರಗೆ ನೋಡುವುದು ಪಕ್ಕದವರ ಕೆಲಸ. ಪಕ್ಕದವರು "ರನ್‌ವೇ ಇನ್ ಸೈಟ್" ಎಂದು, ಅಂದರೆ ರನ್‌ವೇ ಕಂಡಿತು ಎಂದು, ಹೇಳಿದಾಗ ಹಾರಿಸುವವರು ತಲೆ ಎತ್ತಿ ನೋಡುತ್ತಾರೆ.

ಆ ತರಬೇತಿ ಸೆಂಟರ್ ನಡೆಸುವವರು ನಿವೃತ್ತ ಪೈಲಟ್. ಎಲ್ಲರೂ ಅವರನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಸಿಮ್ಯುಲೇಟರಿನ ಹವಾಮಾನವನ್ನು ಅವರು ಸೆಂಟರ್ ತೆರೆದ ಹೊಸದರಲ್ಲಿ ಒಂದು ಫೈಲಿನಲ್ಲಿ ಉಳಿಸಿಟ್ಟಿದ್ದರು. ಆ ಫೈಲಿನಲ್ಲಿ ಮೋಡದ ತಳ ಆರುನೂರು ಅಡಿ. ಒಮ್ಮೆ ಯಾರೋ ಅದನ್ನು ಬದಲಿಸಲು ಹೋಗಿ ಕಂಪ್ಯೂಟರ್ ಅರ್ಧ ದಿನ ನಿಂತುಹೋಗಿತ್ತಂತೆ. "ಓಡ್ತಾ ಇದೆ ಅಲ್ವಾ, ಸುಮ್ನೆ ಯಾಕ್ ಕೆರೀತೀರ," ಎಂದು ಆಮೇಲೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಹೀಗಾಗಿ ವರ್ಷವಿಡೀ, ಎಲ್ಲರಿಗೂ, ಮೋಡ ಆರುನೂರಕ್ಕೇ ಒಡೆಯುತ್ತಿತ್ತು.

ಇನ್ನೊಂದು ಅವರ ನೀರಿನ ಕಾನೂನು. ಲಿಫ್ಟ್ ಕೆಟ್ಟಿತ್ತು. ಕುಡಿಯುವ ನೀರಿನ ಇಪ್ಪತ್ತು ಲೀಟರ್ ಕ್ಯಾನುಗಳನ್ನು ಗಾಡಿಯವನು ಕೆಳಗೆ ಮೀಟರ್ ಬೋರ್ಡಿನ ಪಕ್ಕ ಇಳಿಸಿ ಹೋಗುತ್ತಿದ್ದ. ಅವತ್ತು ಯಾರು ಗೋ ಅರೌಂಡ್ ಮಾಡುತ್ತಾರೋ ಅವರು ಒಂದು ಕ್ಯಾನ್ ಹೊತ್ತು ಮೇಲಕ್ಕೆ ತರಬೇಕು. ಐವತ್ನಾಲ್ಕು ಮೆಟ್ಟಿಲು. ಹಿಂದಿನ ಬ್ಯಾಚಿನವರು ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದರು.

ಮಾರ್ಚ್ ಎಂಟರಂದು ನಾನು ಮೊದಲ ಸಲ ಗೋ ಅರೌಂಡ್ ಮಾಡಿದೆ. ವಿಮಾನ ರನ್‌ವೇಯ ನೇರಕ್ಕೆ ಇರಲಿಲ್ಲ, ತೀರಾ ಬಲಕ್ಕೆ ಹೋಗಿತ್ತು. ಮಾಡಿದ್ದು ಸರಿ ಎಂದು ಇವತ್ತಿಗೂ ಹೇಳುತ್ತೇನೆ. ಹೊರಗೆ ಬಂದರೆ ಕ್ಯಾಪ್ಟನ್ ಟೀ ಕುಡಿಯುತ್ತ ನಿಂತಿದ್ದರು.

"ಏನಮ್ಮಾ, ಪ್ಯಾಸೆಂಜರ್‌ಗೆಲ್ಲ ಇನ್ನೊಂದು ರೌಂಡ್ ಫ್ರೀಯಾಗಿ ತೋರಿಸ್ಬಿಟ್ಯಾ? ಹೋಗ್ಲಿ, ನೀನು ಹೆಣ್ಣುಮಗು, ಕ್ಯಾನ್ ಬೇಡ ಬಿಡು."

"ಹಂಗ್ಯಾಕ್ರಿ ಸರ್," ಎಂದ ನನ್ನ ಜೊತೆಗಾರ. "ರೂಲ್ ಅಂದ್ರ ಎಲ್ಲಾರಿಗೂ ರೂಲ್. ನಾಳೆ ಸೀಟಿನ್ಯಾಗ ಕುಂತಾಗ ಹೆಣ್ಣು ಅಂತ ಮೋಡ ಬಿಟ್ಟ ಸರಿತೈತೇನ್ರಿ?"

"ಮಚ್ಚಾ, ಅವಳು ಬೀಳಿಸಿದ್ರೆ ನೀನ್ ಒರಸ್ಬೇಕು ನೋಡು," ಎಂದ ಬಾಲ್ಕನಿಯಲ್ಲಿದ್ದ ಇನ್ನೊಬ್ಬ.

ಬೀಳಿಸಲಿಲ್ಲ. ಎರಡು ಕಡೆ ನಿಂತು, ಹೊತ್ತು ತಂದೆ. ಆ ತಿಂಗಳು ಇನ್ನೆರಡು ಸಲ ತಂದೆ, ಎರಡೂ ಸಲ ವೇಗ ಹೆಚ್ಚಾಗಿ ನಾನೇ ಬಿಟ್ಟು ಮೇಲೆ ಹೋದದ್ದಕ್ಕೆ. ಸರಿಯಾದ ಮೂರು ನಿರ್ಧಾರಗಳಿಗೆ ಮೂರು ಕ್ಯಾನ್. ಏಪ್ರಿಲ್‌ನಿಂದ ಆಚೆಗೆ ನಾನು ಒಂದೂ ಕ್ಯಾನ್ ಹೊತ್ತಿಲ್ಲ. ನನ್ನ ಕೈ ಪಳಗಿದ್ದು ಅದಕ್ಕೆ ಅರ್ಧ ಕಾರಣ ಮಾತ್ರ.

ಉಳಿದ ಅರ್ಧ ಇದು. ಮೋಡ ಆರುನೂರಕ್ಕೆ ಒಡೆದರೆ, ಐನೂರೆಪ್ಪತ್ತಕ್ಕೆ ನಿರ್ಧಾರವಾದರೆ, ನಡುವೆ ಸಿಗುವುದು ಮೂರು ಸೆಕೆಂಡ್. ತಲೆ ಎತ್ತಿ, ರನ್‌ವೇ ಹುಡುಕಿ, ಇಳಿಯಬಹುದೇ ಎಂದು ತೀರ್ಮಾನಿಸಲು ಅದು ಸಾಲದು. ಪಕ್ಕದವರು ಆರುನೂರಿಪ್ಪತ್ತಕ್ಕೇ ಕಂಡಿತು ಅಂದುಬಿಟ್ಟರೆ ಐದು ಸೆಕೆಂಡ್ ಸಿಗುತ್ತದೆ. ನಾವು ತಲೆ ಎತ್ತುವಷ್ಟರಲ್ಲಿ ದೀಪಗಳು ಹೇಗೂ ಬಂದಿರುತ್ತವೆ. ಹೀಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಆ ಕೋಣೆಯಲ್ಲಿ ಕೂತ ಎಲ್ಲ ಜೋಡಿಗಳೂ ತಾವಾಗಿಯೇ ಕಲಿತವು.

ನನಗೆ ಲೆಕ್ಕ ಇಡುವ ಅಭ್ಯಾಸವಿದೆ. ಎಷ್ಟು ಗಂಟೆಗೆ ಎದ್ದೆ, ಹೆಬ್ಬಾಳದ ಫ್ಲೈಓವರ್ ಮೇಲೆ ಎಷ್ಟು ನಿಮಿಷ ನಿಂತೆ, ಎಲ್ಲವನ್ನೂ ಬರೆಯುತ್ತೇನೆ. ಪ್ರತಿ ಅಪ್ರೋಚಿಗೂ, ಅಂದರೆ ಇಳಿಯಲು ಹೋದ ಪ್ರತಿ ಸಲಕ್ಕೂ, ಒಂದು ಸಾಲು. ಅದರಲ್ಲಿ ಎರಡು ಕಾಲಂ: ಅವನು "ಇನ್ ಸೈಟ್" ಅಂದಾಗ ಎತ್ತರಮಾಪಕ ಎಷ್ಟಿತ್ತು, ನನಗೆ ದೀಪ ಕಂಡಾಗ ಎಷ್ಟಿತ್ತು. ಜೂನ್ ಹದಿನೆಂಟರವರೆಗೆ ನಾನು ಹಾರಿಸಿದ್ದು ಮೂವತ್ತೆರಡು ಅಪ್ರೋಚ್. ಅದರಲ್ಲಿ ಇಪ್ಪತ್ಮೂರು ಸಲ ಅವನು ಆರುನೂರಕ್ಕಿಂತ ಮೇಲೆಯೇ, ಮೋಡದೊಳಗೆ ಇರುವಾಗಲೇ, ರನ್‌ವೇ ಕಂಡಿತು ಅಂದಿದ್ದ. ಒಂದು ಸಲ ಆರುನೂರೈವತ್ತಕ್ಕೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಏಪ್ರಿಲ್ ಎರಡನೆಯ ವಾರದಿಂದಲೇ ಗೊತ್ತಿತ್ತು. ನಾನು ಅದನ್ನು ಬರೆದೆ, ಗೆರೆ ಎಳೆದೆ, ಪುಸ್ತಕ ಮುಚ್ಚಿದೆ.

ಜೂನ್ ಹತ್ತೊಂಬತ್ತಕ್ಕೆ ಬರುತ್ತೇನೆ. ಪರೀಕ್ಷಕರು ಸಣ್ಣ ಆಳು, ಮೆತ್ತಗಿನ ದನಿ. ಅವರು ಕ್ಯಾಪ್ಟನ್‌ಗೆ ಹೇಳಿದ ಮೊದಲ ಮಾತು "ನೀವು ಹೊರಗೆ ಕೂತಿರಿ". ಎರಡನೆಯದಾಗಿ ಹವಾಮಾನದ ಫೈಲನ್ನು ಮುಚ್ಚಿ ಕೈಯಿಂದಲೇ ಅಂಕಿಗಳನ್ನು ತುಂಬಿದರು. ಕೀಲಿಗಳ ಸದ್ದು ನನಗೆ ಕೇಳಿಸಿತು. ಆಗಲೇ ನನಗೆ ಹೊಳೆಯಬೇಕಿತ್ತು. ಅವನಿಗೂ ಹೊಳೆಯಬೇಕಿತ್ತು.

ಒಂಬತ್ತು ಮೈಲಿಯಿಂದ ಇಳಿಯಲು ಶುರುಮಾಡಿದೆ. ಪ್ರತಿ ಮೈಲಿಗೂ ಅವನು ಎತ್ತರ ಓದಿದ, ನಾನು ಸರಿಮಾಡಿಕೊಂಡೆ. ಮಾರ್ಚ್‌ನಿಂದ ಇಷ್ಟು ನೇರವಾಗಿ ನಾನು ಯಾವತ್ತೂ ಇಳಿದಿರಲಿಲ್ಲ. ಏಳುನೂರು. ಆರುನೂರೈವತ್ತು. ಆರುನೂರಿಪ್ಪತ್ತಕ್ಕೆ ಸರಿಯಾಗಿ ಅವನ ದನಿ: "ರನ್‌ವೇ ಇನ್ ಸೈಟ್."

ತಲೆ ಎತ್ತಿದೆ. ಬೂದಿ ಬಣ್ಣ. ಕೆಳಗೆ ನೋಡಿದೆ, ಐನೂರೆಂಬತ್ತು. ಮತ್ತೆ ಎತ್ತಿದೆ. ಬೂದಿ ಬಣ್ಣವೇ. ಐನೂರೆಪ್ಪತ್ತು ಬಂತು, ಹೋಯಿತು. ಅವನು ಕಂಡಿತು ಅಂದಿದ್ದಾನೆ, ಇನ್ನೊಂದು ಸೆಕೆಂಡಿಗೆ ಬರುತ್ತದೆ, ಯಾವಾಗಲೂ ಬರುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಐನೂರನಲವತ್ತಕ್ಕೆ "ಗೋ ಅರೌಂಡ್" ಎಂದು ಥ್ರಾಟಲ್ ಮುಂದಕ್ಕೆ ತಳ್ಳಿದೆ.

"ಯಾಕ?" ಅವನು ಮೈಕಿನಿಂದ ಬಾಯಿ ಸರಿಸಿ ಪಿಸುಗುಟ್ಟಿದ. "ಹೇಳಿದ್ನಲ್ಲ, ಕಾಣಾಕತ್ತೈತಿ ಅಂತ."

ಮೂತಿ ಮೇಲೆದ್ದಿತು. ಆದರೆ ವಿಮಾನ ಇನ್ನೂ ಸ್ವಲ್ಪ ಕುಸಿದೇ ಏರಿತು. ಅತಿ ಕೆಳಗೆ ಮುಟ್ಟಿದ ಎತ್ತರ ಐನೂರಹತ್ತು. ಹತ್ತಡಿ ಕೆಳಗೆ.

ಪರೀಕ್ಷಕರು ಚಿತ್ರವನ್ನು ನಿಲ್ಲಿಸಿದರು. ಗಾಜಿನ ಮೇಲೆ ಬೂದಿ ಬಣ್ಣ ಹಾಗೆಯೇ ನಿಂತಿತು.

"ನಿಮ್ಮ ಜೊತೆಗಾರರು ಕಂಡಿತು ಅಂದ್ರು. ನೀವು ಯಾಕೆ ಹೋದ್ರಿ?" ಎಂದು ನನ್ನನ್ನು ಕೇಳಿದರು.

"ನನಗೆ ಕಾಣ್ಲಿಲ್ಲ ಸರ್."

"ಕಾಣದೆ ಇದ್ರೆ ಐನೂರೆಪ್ಪತ್ತಕ್ಕೆ ಯಾಕೆ ಹೋಗ್ಲಿಲ್ಲ?"

ಅವರು ಅವನ ಕಡೆ ತಿರುಗಿದರು. "ನಿಮಗೆ ಏನು ಕಂಡಿತು?"

"ಲೈಟ್ ಕಂಡ್ವು ಸರ್."

"ಮೋಡ ನಾನೂರಕ್ಕೆ ಇಟ್ಟಿದ್ದೆ."

ಪರೀಕ್ಷಕರು ಅದೇ ಮೆತ್ತಗಿನ ದನಿಯಲ್ಲಿ ನನ್ನನ್ನು ಕೇಳಿದರು, "ಇದು ಮೊದಲನೇ ಸಲವಾ?"

ಇಲ್ಲಿ ನಾನು ಹೌದು ಅನ್ನಬಹುದಿತ್ತು. ಅಂದಿದ್ದರೆ ಬಹುಶಃ ನನ್ನ ಹತ್ತಡಿಯ ಬಗ್ಗೆ ಮಾತ್ರ ಮಾತು ನಡೆಯುತ್ತಿತ್ತು, ಮಧ್ಯಾಹ್ನ ಅವನಿಗಾದರೂ ಪರೀಕ್ಷೆ ಆಗುತ್ತಿತ್ತು. ಆದರೆ ಆ ಹೊತ್ತಿಗೆ ನನಗೆ ಇದ್ದದ್ದು ಒಂದೇ: ಇವನಿಂದ ನನ್ನ ಮೂರು ಸೆಕೆಂಡ್ ಹೋಯಿತು, ಇಪ್ಪತ್ತೆಂಟನೇ ತಾರೀಕು ಹೋಯಿತು, ಇವನದೂ ಹೋಗಲಿ.

"ಅಲ್ಲ ಸರ್," ಅಂದೆ. "ಇಪ್ಪತ್ಮೂರು ಸಲ ಆಗಿದೆ. ಇದು ಇಪ್ಪತ್ನಾಲ್ಕನೇದು."

ಅವನು ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದ. ನಾನು ನೋಡಲಿಲ್ಲ.

"ಲೆಕ್ಕ ಇಟ್ಟಿದೀರಾ?"

"ಹೂಂ ಸರ್. ತಾರೀಕು, ಎತ್ತರ ಎಲ್ಲಾ ಇದೆ."

"ಲೆಕ್ಕ ಇಟ್ಟು ಏನ್ ಮಾಡಿದ್ರಿ?"

ನಾನು ಸೀಟಿನ ಬೆಲ್ಟ್ ಬಿಚ್ಚಿದೆ. ಅವರು ಫಾರಂ ಮೇಲೆ ಏನೋ ಬರೆದು, ನನಗೆ ಫೇಲ್ ಎಂದರು, ಕಾರಣ ಎರಡು ಎಂದರು: ಹತ್ತಡಿ ಮೊದಲನೆಯದು, ಗೊತ್ತಿದ್ದೂ ಸುಮ್ಮನಿದ್ದದ್ದು ಎರಡನೆಯದು. ಅವನಿಗೆ ಅವತ್ತು ಪರೀಕ್ಷೆಯನ್ನೇ ಮಾಡಲಿಲ್ಲ. ಇಬ್ಬರೂ ಮತ್ತೆ ತರಬೇತಿ ಪಡೆದು, ಜುಲೈನಲ್ಲಿ ಬರಬೇಕು, ಜೋಡಿ ಬದಲಿಸಿಕೊಂಡು ಬರಬೇಕು.

ಹೊರಗೆ ಕ್ಯಾಪ್ಟನ್ ಕಾಯುತ್ತಿದ್ದರು. ಬಾಗಿಲು ತೆಳ್ಳಗಿತ್ತು, ಎಲ್ಲ ಕೇಳಿಸಿಕೊಂಡಿದ್ದರು.

"ಮನೆ ವಿಷಯ ಬೀದೀಲಿ ಹೇಳೋ ಬುದ್ಧಿ ಯಾರ್ ಕಲಿಸಿದ್ರಮ್ಮಾ ನಿಂಗೆ?"

"ನೀವು ಮೋಡನ ಒಂದ್ಸಲ ಆದ್ರೂ ಬದಲಾಯಿಸಿದ್ರೆ ಹೇಳೋ ವಿಷಯಾನೇ ಇರ್ತಿರ್ಲಿಲ್ಲ ಸರ್."

"ಓಹೋ. ಪೈಲಟ್ ಆಗೋಕ್ ಬಂದ್ಯೋ, ಆಡಿಟ್ ಮಾಡೋಕ್ ಬಂದ್ಯೋ? ಸಂಜೆಯೊಳಗೆ ನಿನ್ ಸಾಮಾನೆಲ್ಲ ತಗೊಂಡ್ ಹೋಗು."

ಸಾಮಾನು ಅಂದರೆ ಒಂದು ಹೆಡ್‌ಸೆಟ್, ನಕ್ಷೆಗಳ ಫೈಲು. ಐದು ನಿಮಿಷ ಸಾಕಾಯಿತು. ಬಾಲ್ಕನಿಯವರು ದಾರಿ ಬಿಟ್ಟರು. ಅವರಲ್ಲಿ ನಾಲ್ಕು ಜನರ ಪರೀಕ್ಷೆ ಮರುದಿನ ಇದೇ ಪರೀಕ್ಷಕರ ಹತ್ತಿರ ಇತ್ತು. ಕಂಡಿತು ಅನ್ನುವ ಮಾತನ್ನು ಪರೀಕ್ಷಕರು ಇನ್ನು ಯಾರಿಂದಲೂ ಸುಮ್ಮನೆ ನಂಬುವುದಿಲ್ಲ; ನಾನು ಅವರ ಮೋಡವನ್ನೂ ಕೆಡಿಸಿದ್ದೆ.

ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಅವನು ಕೂತಿದ್ದ. ದಾಟಿ ಹೋಗುವಷ್ಟು ಜಾಗ ಇತ್ತು, ದಾಟುವಷ್ಟರಲ್ಲಿ ಮಾತು ತೆಗೆದ.

"ಸಂತೋಷ ಆತೇನವಾ?"

"ನಿನ್ನಿಂದ ನಾನು ಫೇಲಾಗಿದೀನಿ. ನೀನ್ ನನ್ನ ಕೇಳ್ತೀಯಾ?"

"ನನ್ನಿಂದ? ಎತ್ತರ ನಿನ್ನ ಕೈಯಾಗಿತ್ತು. ನಾ ಹೇಳಿದ್ರ ನೀ ಇಳೀತಿ, ಯಾಕಂದ್ರ ನಿನಗೂ ನೀರ ಹೊರೂದು ಬ್ಯಾಡಾಗಿತ್ತು. ಮೂರು ತಿಂಗಳು ನನ್ನ ಸುಳ್ಳಿನ ಮ್ಯಾಲೆ ಇಳದಿ. ಒಂದ ದಿನ ಬ್ಯಾಡ ಅಂದೀಯೇನ?"

"ನೀನು ಯಾಕ್ ಹೇಳ್ತಿದ್ದೆ ಕಾಣದೆ ಇದ್ರೂ?"

"ಕಾಣದ ಹೇಳಿಲ್ಲ." ಅವನು ಎದ್ದು ನಿಂತ. "ಮೊದ್ಲಿನವು ಹೌದು, ಅಂದಾಜಿನ ಮ್ಯಾಲೆ ಹೇಳೀನಿ. ಇವತ್ತಿಂದು ಅಲ್ಲ. ಇವತ್ತ ಖರೇನ ಕಂಡಿತ್ತು. ಎರಡು ಸಾಲು ಲೈಟು, ನಟ್ಟ ನಡುವ. ನಮ್ಮವ್ವನ ಆಣಿ ಮಾಡ್ತೀನಿ."

"ಮೋಡ ನಾನೂರಕ್ಕಿತ್ತು ಕಣೋ. ಆಣೆ ಮಾಡೋಕೆ ನಾಚ್ಕೆ ಆಗಲ್ವಾ?"

"ನಾಚಿಕಿ ಮಾತು ನೀ ಆಡಬ್ಯಾಡ. ನಾ ಹಾರಿಸುವಾಗ ಹೊರಗ ನೋಡಾಕಿ ನೀನ. ಮೂವತ್ತೆರಡು ಸಲ ನೀ ಹೇಳೀದಿ, ಕಂಡಿತು ಅಂತ. ಅದರಾಗ ಕಾಣದ ಹೇಳಿದ್ದು ಎಷ್ಟು? ಆ ಪುಸ್ತಕದಾಗ ತಗದ ತೋರಸು."

ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ. ತೆಗೆದರೂ ಅಲ್ಲಿ ಏನೂ ಇರಲಿಲ್ಲ. ಅವನು ಹಾರಿಸಿದ ಮೂವತ್ತೆರಡು ಸಾಲುಗಳಲ್ಲಿ ತಾರೀಕು ಇತ್ತು, ಗಾಳಿ ಇತ್ತು, ಅವನ ವೇಗದ ತಪ್ಪುಗಳಿದ್ದವು. ನಾನು ಯಾವ ಎತ್ತರದಲ್ಲಿ "ಇನ್ ಸೈಟ್" ಅಂದೆ ಎಂಬುದಕ್ಕೆ ನಾನು ಕಾಲಂ ಹಾಕಿರಲೇ ಇಲ್ಲ.

"ಗೊತ್ತಿತ್ತು," ಎಂದ ಅವನು. ನನಗಿಂತ ಮೊದಲು ಇಳಿದು ಹೋದ.

ಮನೆಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಹೇಳಿದೆ. ಹತ್ತಡಿ ತಾನೆ, ಹೋಗಲಿ ಬಿಡು ಅನ್ನುತ್ತಾಳೆ ಎಂದುಕೊಂಡಿದ್ದೆ.

"ಅತ್ತಡಿ ಅಂದ್ರೆ ಒಂದ್ ಮಾಳಿಗೆ," ಎಂದಳು. "ಅವ್ನು ಏಳ್ದ ಅಂತ ನೀನ್ಯಾಕ್ ಇಳಿದೆ? ಅವ್ನ್ ಏಳಿದ್ರೆ ಬಾವಿಗೂ ಬೀಳ್ತೀಯಾ? ಇಂಗಾದ್ರೆ ನಿನ್ನ ಇಮಾನಕ್ಕೆ ನಾನಂತೂ ಅತ್ತಲ್ಲ."

ಆ ಮಾತಿಗೆ ಎರಡು ದಿನ ಅವಳ ಜೊತೆಯೂ ಮಾತು ಬಿಟ್ಟೆ. ಜೂನ್ ಇಪ್ಪತ್ತೊಂದರ ಸಂಜೆಯವರೆಗೆ.

ಇಪ್ಪತ್ತೆಂಟನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಆಯ್ಕೆ ಶುರುವಾಗಿ ಸಂಜೆ ಮುಗಿಯಿತು. ನಾನು ಮನೆಯಲ್ಲೇ ಇದ್ದೆ. ನಾಗಸಂದ್ರದಲ್ಲಿ ಅವನೂ ಇದ್ದಿರಬೇಕು. ಬಾಲ್ಕನಿಯ ನಾಲ್ವರಲ್ಲಿ ಒಬ್ಬನೇ ಪಾಸಾಗಿದ್ದನಂತೆ, ಅವನು ಹೋಗಿದ್ದ.

ಜುಲೈನಲ್ಲಿ ಯಲಹಂಕದ ಆಚೆ ಬೇರೊಂದು ಕಡೆ ಸೇರಿದೆ. ಅಲ್ಲಿಯವರು ಮೋಡವನ್ನು ದಿನಕ್ಕೊಂದು ಎತ್ತರದಲ್ಲಿ ಇಡುತ್ತಾರೆ, ಕೆಲವು ದಿನ ಇಡುವುದೇ ಇಲ್ಲ. ಮೊದಲ ದಿನವೇ ನಾನು ಪಕ್ಕದಲ್ಲಿ ಕೂತಿದ್ದಾಗ, ಆರುನೂರಿಪ್ಪತ್ತು ದಾಟುವಾಗ, ನನ್ನ ಬಾಯಿ ತಾನಾಗಿ "ರನ್‌ವೇ" ಎಂದು ಶುರುಮಾಡಿತು. ಹೊರಗೆ ಏನೂ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಹೇಳುತ್ತೇನೆ: ಅರ್ಧ ಸೆಕೆಂಡ್ ಏನೋ ಇತ್ತು. ಎರಡು ಸಾಲು ಎಂದು ಆಣೆ ಮಾಡಲಾರೆ. ಬೂದಿಯೊಳಗೆ ಒಂದು ಬೆಳ್ಳಗಿನ ಗೀರು, ಇರಬೇಕಾದ ಜಾಗದಲ್ಲೇ. ನಾಲಿಗೆ ಕಚ್ಚಿಕೊಂಡು "ಕಾಣ್ತಿಲ್ಲ" ಅಂದೆ. ಹಾರಿಸುತ್ತಿದ್ದ ಹೊಸ ಜೊತೆಗಾತಿ ಐನೂರೆಪ್ಪತ್ತಕ್ಕೆ ಮೇಲೆ ಹೋದಳು. ಮೋಡ ಇನ್ನೂರಕ್ಕಿತ್ತು.

ಅವತ್ತಿನಿಂದ ಮೂರನೆಯ ಕಾಲಂ ಹಾಕಿದ್ದೇನೆ: ನಾನು ಹೇಳಿದ ಎತ್ತರ. ಹದಿನೇಳು ಅಪ್ರೋಚ್ ಆಗಿದೆ. ಇಂಥ ಗೀರು ನಾಲ್ಕು ಸಲ ಬಂದಿದೆ. ಜುಲೈ ಇಪ್ಪತ್ತಾರಕ್ಕೆ ಪರೀಕ್ಷೆ ಪಾಸಾಯಿತು, ಎರಡು ಗೋ ಅರೌಂಡ್, ಒಂದು ಇಳಿತ. ಯಾವ ಕಂಪನಿಯೂ ಸದ್ಯಕ್ಕೆ ಕರೆದಿಲ್ಲ.

ಅವನ ಮೇಲಿನ ಸಿಟ್ಟು ಆರಿಲ್ಲ, ಆರಲಿ ಎಂದು ನಾನು ಕಾಯುತ್ತಲೂ ಇಲ್ಲ. ಆದರೆ ಯಾವುದಕ್ಕೆ ಸಿಟ್ಟು ಎಂಬುದು ನನಗೆ ಖಚಿತವಾಗಬೇಕು. ಹತ್ತೊಂಬತ್ತರಂದು ಅವನು ಸುಳ್ಳು ಹೇಳಿದನೋ, ಕಂಡದ್ದನ್ನೇ ಹೇಳಿದನೋ ಎಂಬುದರ ಮೇಲೆ ಅದು ನಿಂತಿದೆ. ದಿನವೂ ಒಂದೇ ಎತ್ತರದಲ್ಲಿ ದೀಪ ನೋಡಿದ ಕಣ್ಣು, ದೀಪ ಇಲ್ಲದ ದಿನವೂ ಅದೇ ಎತ್ತರದಲ್ಲಿ ದೀಪ ಕಾಣಬಲ್ಲದೇ? ವಿಮಾನವೇ ಆಗಬೇಕೆಂದಿಲ್ಲ. ರೈಲು ಓಡಿಸುವವರು, ಮಂಜಿನಲ್ಲಿ ಘಾಟಿ ಇಳಿಸುವ ಬಸ್ಸಿನವರು, ಕಣ್ಣಿನ ವೈದ್ಯರು, ಯಾರಿಗಾದರೂ ಇದು ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಯಾವತ್ತು, ಎಷ್ಟು ದೂರದಲ್ಲಿ, ಏನು ಕಂಡಿತು, ನಿಜಕ್ಕೂ ಅಲ್ಲಿ ಏನಿತ್ತು, ಈ ನಾಲ್ಕನ್ನು ಬರೆದರೆ ಸಾಕು. ನಿಮಗೆ ಆಗ ಪಕ್ಕದಲ್ಲಿದ್ದವರು ಏನಂದರು ಎಂಬುದೂ ನೆನಪಿದ್ದರೆ, ಅದನ್ನು ಬಿಡಬೇಡಿ.